ಚಿಕ್ಕಮಗಳೂರಿನ ರಸ್ತೆಗಳಿಗೆ ಹೊಸ ರೋಡ್ ಸೈಕಲ್ ಕೊಳ್ಳಲೇ, ಇರುವುದನ್ನೇ ಸರಿಮಾಡಿಸಿಕೊಳ್ಳಲೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ನಿಮ್ಮಲ್ಲಿ ಎಂಟು ವರ್ಷ ಹಳೆಯ, ಅಲ್ಯೂಮಿನಿಯಂ ಫ್ರೇಮಿನ ರೋಡ್ ಸೈಕಲ್ ಇದೆ. ಮುಂದೆ, ಪೆಡಲಿನ ಬಳಿ, 50 ಮತ್ತು 34 ಹಲ್ಲಿನ ಎರಡು ಹಲ್ಲುಚಕ್ರ, ಅಂದರೆ ಚೈನ್‌ರಿಂಗ್, ಹಿಂದೆ 11ರಿಂದ 28 ಹಲ್ಲಿನವರೆಗೆ ಎಂಟು ಗೇರು, 25 ಮಿ.ಮೀ. ಅಗಲದ ಟಯರು, ಚಕ್ರದ ಹೊರಬಳೆಯನ್ನೇ (ರಿಮ್ಮನ್ನು) ಹಿಡಿಯುವ ರಿಮ್ ಬ್ರೇಕು. ಬೆಳಿಗ್ಗೆ ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣದವರೆಗೆ ಹೋಗಿ ಬರುತ್ತೀರಿ, ಆಗಾಗ ಮುಳ್ಳಯ್ಯನಗಿರಿ ಹತ್ತಬೇಕೆಂಬ ಆಸೆಯಿದೆ. ಈಚೆಗೆ ಒತ್ತಿ ತುಳಿದರೆ ಚೈನು ಜಾರುತ್ತದೆ, ಗಿರಿಯ ದಾರಿಯಲ್ಲಿ ಕೈಮರ ದಾಟಿದ ಮೇಲೆ ಇಳಿದು ತಳ್ಳಬೇಕಾಗುತ್ತದೆ, ಗಂಟೆ ಕಳೆಯುವಷ್ಟರಲ್ಲಿ ಅಂಗೈ ಮರಗಟ್ಟುತ್ತದೆ. ಅಂಗಡಿಯವರು 80,000 ರೂಪಾಯಿಯ, ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಇರುವ ಹೊಸ ಸೈಕಲ್ ತೋರಿಸಿ, ಅದು ನಿಮ್ಮದಕ್ಕಿಂತ ಎರಡು ಕಿಲೋ ಹಗುರ ಎಂದಿದ್ದಾರೆ.

ಇದೇ ಊರಿನಲ್ಲಿ, ಇವೇ ರಸ್ತೆಗಳಲ್ಲಿ ಬಹುಕಾಲದಿಂದ ಸೈಕಲ್ ತುಳಿಯುತ್ತಿರುವ ನನ್ನ ಅಭಿಪ್ರಾಯದಲ್ಲಿ, ನೀವು ಹೇಳಿದ ಮೂರು ತೊಂದರೆಗಳಲ್ಲಿ ಯಾವುದಕ್ಕೂ ಹೊಸ ಸೈಕಲ್ ಬೇಕಾಗಿಲ್ಲ. ಹೊಸದನ್ನು ಕೊಳ್ಳಲು ತಕ್ಕ ಕಾರಣ ಬೇರೊಂದಿದೆ, ಅದನ್ನು ನೀವು ಬರೆದಿಲ್ಲ: ಮಳೆಗಾಲದಲ್ಲಿಯೂ ಸೈಕಲ್ ಹೊರಗೆ ತೆಗೆಯುತ್ತೀರಾ ಇಲ್ಲವಾ ಎಂಬುದು.

ಮೊದಲು ಚೈನಿನ ವಿಷಯ. ಚೈನು ಸವೆಯುವುದೆಂದರೆ ಅದರ ಪಿನ್ನುಗಳೂ ಅವು ತಿರುಗುವ ಜಾಗವೂ ತೇದು ಒಟ್ಟು ಉದ್ದ ಹೆಚ್ಚುವುದು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಅಲ್ಲಿಂದಾಚೆಯ 24ನೇ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಇರುತ್ತದೆ. ಸ್ಟೀಲ್ ಸ್ಕೇಲು ಹಿಡಿದು, ಪೆಡಲನ್ನು ತುಸು ಒತ್ತಿ ಚೈನನ್ನು ಬಿಗಿಯಾಗಿಸಿ ಅಳೆದು ನೋಡಿ. ಆ ಪಿನ್ನು 12 ಇಂಚಿನ ಗೆರೆಯಿಂದ ಒಂದೂವರೆ ಮಿ.ಮೀ.ನಷ್ಟು ಆಚೆ ಸರಿದಿದ್ದರೆ ಚೈನು ಬದಲಿಸಬೇಕು, ಮೂರು ಮಿ.ಮೀ.ನಷ್ಟು ಸರಿದಿದ್ದರೆ ಹಿಂದಿನ ಹಲ್ಲುಗಳೂ ಅದರ ಜೊತೆಗೇ ಸವೆದಿರುತ್ತವೆಯಾದ್ದರಿಂದ ಕ್ಯಾಸೆಟ್ಟನ್ನೂ, ಅಂದರೆ ಹಿಂದಿನ ಹಲ್ಲುಚಕ್ರಗಳ ಇಡೀ ಗುಂಪನ್ನೂ, ಬದಲಿಸಬೇಕು. ಹಳೆಯ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಅದು ಮೊದಲಿಗಿಂತಲೂ ಹೆಚ್ಚು ಜಾರುತ್ತದೆ, ಆಗ ಜನ ಸೈಕಲ್ಲೇ ಕೆಟ್ಟಿದೆಯೆಂದು ತೀರ್ಮಾನಿಸಿಬಿಡುತ್ತಾರೆ. ಎಂಟು ಸ್ಪೀಡಿನ, ಅಂದರೆ ಹಿಂದೆ ಎಂಟು ಗೇರಿನ, ಚೈನು, ಕ್ಯಾಸೆಟ್ ಎರಡೂ ಇಂದಿಗೂ ಸುಲಭವಾಗಿ ಸಿಗುತ್ತವೆ, ಅವುಗಳ ಬೆಲೆ ಹತ್ತು, ಹನ್ನೆರಡು ಸ್ಪೀಡಿನವುಗಳಿಗಿಂತ ಬಹಳ ಕಡಿಮೆ.

ಕ್ಯಾಸೆಟ್ ಹೇಗೂ ಬದಲಿಸುವುದಾದರೆ ಗಿರಿಯ ಏರಿನ ತೊಂದರೆಯನ್ನೂ ಅದರಲ್ಲೇ ಪರಿಹರಿಸಿಕೊಳ್ಳಬಹುದು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಈ ಎತ್ತರದ ಬಹುಪಾಲನ್ನು ಕೈಮರದಿಂದಾಚೆಗಿನ ರಸ್ತೆಯಲ್ಲೇ ಏರಬೇಕು. ನಿಮ್ಮ ಅತಿ ಹಗುರವಾದ ಗೇರಿನಲ್ಲಿ, ಅಂದರೆ ಮುಂದೆ 34 ಹಿಂದೆ 28ರಲ್ಲಿ, ಪೆಡಲು ಒಂದು ಸುತ್ತು ಬಂದರೆ ಸೈಕಲ್ ಎರಡೂವರೆ ಮೀಟರಿಗೂ ತುಸು ಹೆಚ್ಚು ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 9 ಕಿ.ಮೀ. ವೇಗ ಉಳಿಸಿಕೊಳ್ಳಲೇಬೇಕು, ಕಡಿದಾದ ತಿರುವುಗಳಲ್ಲಿ ಅದು ಸಾಮಾನ್ಯ ಸವಾರನ ಕಾಲಿಗೆ ಮೀರಿದ ಮಾತು; ಹಾಗಾಗಿ ಸುತ್ತು ನಿಧಾನವಾಗುತ್ತದೆ, ಮೊಣಕಾಲು ನೋಯುತ್ತದೆ, ಕೊನೆಗೆ ಇಳಿಯಬೇಕಾಗುತ್ತದೆ. ಹಿಂದೆ 32 ಹಲ್ಲು ಬಂದರೆ ಅದೇ ಏರಿಗೆ ಪೆಡಲಿನ ಮೇಲೆ ಹಾಕಬೇಕಾದ ಬಲ ಎಂಟರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, 34 ಬಂದರೆ ಇನ್ನೂ ಹಗುರ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ನಿಮ್ಮ ಹಿಂದಿನ ಡಿರೇಲರ್ ಗಿಡ್ಡ ಕೇಜಿನದಾಗಿದ್ದರೆ (ಕೇಜ್ ಎಂದರೆ ಚೈನು ಹಾದುಹೋಗುವ ಅದರ ತೋಳು) ಅಷ್ಟು ದೊಡ್ಡ ಹಲ್ಲುಚಕ್ರವನ್ನು ಅದು ತಾಳಲಾರದು, ಉದ್ದ ಕೇಜಿನದನ್ನು ಹಾಕಿಸಬೇಕು, ಚೈನಿನ ಉದ್ದವನ್ನೂ ಅದಕ್ಕೆ ಸರಿಯಾಗಿ ಕತ್ತರಿಸಬೇಕು. ಇಷ್ಟೆಲ್ಲ ಮಾಡಿಸಿದರೂ ಖರ್ಚು ಹೊಸ ಸೈಕಲ್ಲಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಇದರ ಪಕ್ಕದಲ್ಲಿ ಆ ಎರಡು ಕಿಲೋವನ್ನು ಇಟ್ಟು ನೋಡಿ. ನೀವು 70 ಕಿಲೋ ಇದ್ದೀರಿ, ಸೈಕಲ್ 11 ಕಿಲೋ, ನೀರಿನ ಬಾಟಲಿ, ಪಂಪು, ಟ್ಯೂಬು ಸೇರಿ ಇನ್ನೆರಡು ಕಿಲೋ ಎಂದುಕೊಂಡರೆ ಏರಿನಲ್ಲಿ ಹೊರಬೇಕಾದ ಭಾರ 83 ಕಿಲೋ. ಅದರಲ್ಲಿ ಎರಡು ಕಿಲೋ ಎಂದರೆ ಶೇ. 2.4. ಒಂದೂವರೆ ಗಂಟೆ ಹಿಡಿಯುವ ಏರಿನಲ್ಲಿ ಅದರಿಂದ ಉಳಿಯುವುದು ಹೆಚ್ಚೆಂದರೆ ಎರಡು ನಿಮಿಷ. ಸ್ಪರ್ಧೆಗೆ ಇಳಿಯುವವರಿಗೆ ಎರಡು ನಿಮಿಷ ದೊಡ್ಡದು, ದಾರಿಯ ಸೀತಾಳಯ್ಯನಗಿರಿಯಲ್ಲಿ ನಿಂತು ಮಂಡಕ್ಕಿ ತಿಂದು ಬರುವ ನಮ್ಮಂಥವರಿಗಲ್ಲ.

ಅಂಗೈ ಮರಗಟ್ಟುವುದು ಸಾಮಾನ್ಯವಾಗಿ ಕೂರುವ ಭಂಗಿಯ ದೋಷ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈಭಾರವೆಲ್ಲ ಕೈಗೆ ಬರುತ್ತದೆ, ಅದನ್ನು ಸಮಮಟ್ಟಕ್ಕೆ ತನ್ನಿ. ಹ್ಯಾಂಡಲ್ ದೂರವೆನಿಸಿದರೆ ಎರಡು ಮೂರು ಸೆಂಟಿಮೀಟರ್ ಗಿಡ್ಡನೆಯ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಹಾಕಿಸಿ. ಆದರೆ ಸೀಟಿನ ಕಂಬವನ್ನು ಅದರ ಮೇಲೆ ಕೊರೆದಿರುವ ಮಿತಿಯ ಗೆರೆಯವರೆಗೆ ಎತ್ತಿದರೂ ಕಾಲು ಸರಿಯಾಗಿ ಚಾಚುತ್ತಿಲ್ಲವಾದರೆ ಫ್ರೇಮೇ ನಿಮ್ಮ ಅಳತೆಗೆ ಸಣ್ಣದು, ಅದಕ್ಕೆ ರಿಪೇರಿಯಿಲ್ಲ. ಹಾಗೆಯೇ ಯಾವುದಕ್ಕೂ ಹಣ ಹಾಕುವ ಮುಂಚೆ ಸೈಕಲನ್ನು ತೊಳೆದು, ಹ್ಯಾಂಡಲಿನ ಕೆಳಗೆ ಫ್ರೇಮಿನ ಕೊಳವೆಗಳು ಸೇರುವ ಬೆಸುಗೆಯನ್ನೂ ಪೆಡಲಿನ ಅಚ್ಚು ಕೂರುವ ಜಾಗದ ಸುತ್ತಮುತ್ತಲನ್ನೂ ಬೆಳಕಿನಲ್ಲಿ ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ, ಉಗುರಿಗೆ ಅದು ತಾಗಿದರೆ, ಆ ಸೈಕಲನ್ನು ಗಿರಿಯಿಂದ ಇಳಿಸಬೇಡಿ. ಅಲ್ಯೂಮಿನಿಯಂ ಬಾಗಿ ಎಚ್ಚರಿಸದೆ ಒಮ್ಮೆಲೇ ಮುರಿಯಬಹುದು. ಫ್ರೇಮ್ ಬಿರುಕುಬಿಟ್ಟಿದ್ದರೆ ಈ ಉತ್ತರದ ಮೊದಲರ್ಧವನ್ನು ಮರೆತು ಹೊಸದನ್ನೇ ಕೊಳ್ಳಿ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿರೇಕೊಳಲೆಯ ಕಡೆಗೋ ಆಲ್ದೂರಿನ ಕಡೆಗೋ ಹೋದರೆ, ತೋಟದ ಗೇಟುಗಳಿಂದ ಹೊರಬರುವ ಪಿಕಪ್‌ಗಳು ಟಾರಿನ ಮೇಲೆ ಕೆಂಪು ಕೆಸರನ್ನು ಎಳೆದು ಹಾಕಿರುತ್ತವೆ. ಆ ಕೆಸರಿನ ಮರಳು ಬ್ರೇಕ್ ಶೂಗಳಿಗೆ ಕಚ್ಚಿಕೊಂಡು, ಪ್ರತಿ ಸಲ ಬ್ರೇಕ್ ಹಿಡಿದಾಗಲೂ ರಿಮ್ಮನ್ನು ಉಜ್ಜುತ್ತದೆ. ಮಳೆಯಲ್ಲಿ ತಿರುಗಿ ಬಂದ ದಿನ ಶೂಗಳನ್ನು ಬಿಚ್ಚಿ ನೋಡಿದರೆ ಕಪ್ಪು ರಬ್ಬರಿನೊಳಗೆ ಮರಳಿನ ಕಣದ ಜೊತೆಗೆ ಹೊಳೆಯುವ ಚೂರುಗಳೂ ಕಾಣುತ್ತವೆ. ಅವು ರಿಮ್ಮಿನಿಂದಲೇ ಎದ್ದ ಅಲ್ಯೂಮಿನಿಯಂ. ನಾನು ಅವನ್ನು ಪಿನ್ನಿನಿಂದ ಕಿತ್ತು ತೆಗೆಯುತ್ತೇನೆ, ಆದರೂ ಸವೆತ ನಿಲ್ಲುವುದಿಲ್ಲ. ರಿಮ್ಮಿನ ಪಕ್ಕೆಯ ಮೇಲೆ ಬೆರಳಾಡಿಸಿ, ನಡುವೆ ಹಳ್ಳ ಬಿದ್ದಂತೆ ತೋರಿದರೆ, ಅಥವಾ ಸವೆತ ತಿಳಿಯಲೆಂದು ಕೊರೆದಿರುವ ಸಣ್ಣ ಗುಳಿ ಅಳಿಸಿಹೋಗಿದ್ದರೆ, ಆ ರಿಮ್ಮಿನ ಆಯಸ್ಸು ಮುಗಿದಿದೆ. ಇದಲ್ಲದೆ ನೆನೆದ ರಿಮ್ಮಿನ ಮೇಲೆ ಶೂ ಮೊದಲು ನೀರನ್ನು ಒರೆಸಿ ಆಮೇಲಷ್ಟೇ ಹಿಡಿಯುವುದರಿಂದ, ಗಿರಿಯ ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಪ್ರವಾಸಿಗರ ಜೀಪು ಬಂದಾಗ ಆ ಅರೆಕ್ಷಣದ ತಡ ಬಹಳ ದುಬಾರಿ. ಡಿಸ್ಕ್ ಬ್ರೇಕಿಗೆ ಈ ಎರಡೂ ಕೊರತೆಗಳಿಲ್ಲ: ಅದರ ತಟ್ಟೆ ಕೆಸರಿನಿಂದ ದೂರ, ಅಚ್ಚಿನ ಬಳಿ ಇರುತ್ತದೆ, ಅದು ಸವೆದರೂ ಚಕ್ರ ಉಳಿಯುತ್ತದೆ. ಟಯರಿನ ಮಾತೂ ಇದೇ. ಗುಂಡಿ, ಹಂಪು, ಕಿತ್ತ ಜಲ್ಲಿಯ ನಮ್ಮ ರಸ್ತೆಗಳಿಗೆ 32 ಮಿ.ಮೀ. ಟಯರನ್ನು ಕಡಿಮೆ ಗಾಳಿಯಲ್ಲಿ ಓಡಿಸುವುದು ಮೈಗೂ ಹಿಡಿತಕ್ಕೂ ಒಳ್ಳೆಯದು, ಆದರೆ ನಿಮ್ಮದರಂಥ ಹಳೆಯ ರಿಮ್ ಬ್ರೇಕಿನ ಫ್ರೇಮಿನಲ್ಲಿ 28 ಹಿಡಿಸಿದರೇ ಹೆಚ್ಚು.

ಆದ್ದರಿಂದ ಕಡೂರು ರಸ್ತೆಯ ಒಣ ಬೆಳಗುಗಳಷ್ಟೇ ನಿಮ್ಮ ಸವಾರಿಯಾಗಿದ್ದರೆ, ಫ್ರೇಮ್ ಗಟ್ಟಿಯಿರುವವರೆಗೆ, ಹಳೆಯದನ್ನು ಸರಿಮಾಡಿಸಿಕೊಳ್ಳಿ. (ಆ ರಸ್ತೆಯಲ್ಲಿ ಹೋಗುವಾಗ ಒಟ್ಟಾರೆ ಇಳಿಜಾರು, ಬರುವಾಗ ಏರು, ಮುಂಗಾರಿನ ದಿನಗಳಲ್ಲಿ ಜೊತೆಗೆ ಎದುರುಗಾಳಿ. ವಾಪಸು ಬರುವಾಗ ಸೈಕಲ್ ಭಾರವಾಯಿತೆಂದು ಅನ್ನಿಸಿದರೆ ಅದರ ತಪ್ಪಿಲ್ಲ.) ಮಳೆಗಾಲದಲ್ಲೂ ಮಲೆನಾಡಿನ ಕಡೆಗೇ ಮುಖ ಮಾಡುವವರಾದರೆ ಹೊಸದಕ್ಕೆ ಹಣ ಹಾಕುವುದು ಸರಿ, ಆದರೆ ತೂಕ ನೋಡಿ ಆರಿಸಬೇಡಿ. ಫ್ರೇಮಿನಲ್ಲಿ 32 ಮಿ.ಮೀ. ಟಯರಿಗೂ ಅದರ ಮೇಲೆ ಮಡ್‌ಗಾರ್ಡಿಗೂ ಜಾಗವಿದೆಯೇ, ಹಿಂದಿನ ದೊಡ್ಡ ಹಲ್ಲುಚಕ್ರ 32 ಅಥವಾ 34 ಇದೆಯೇ ಎಂದು ಕೇಳಿ. ಬ್ರೇಕು ಆಯಿಲಿನದೋ ಕೇಬಲಿನದೋ ಎಂಬುದನ್ನೂ ವಿಚಾರಿಸಿ. ಆಯಿಲಿನದು ಬೆರಳಿಗೆ ಹಗುರ, ಹಿಡಿತವೂ ಹೆಚ್ಚು, ಆದರೆ ಒಳಗೆ ಗಾಳಿ ಸೇರಿದರೆ ಅದನ್ನು ತೆಗೆಯಬಲ್ಲ ಮೆಕ್ಯಾನಿಕ್ ಇಲ್ಲಿ ಸಿಗುತ್ತಾನೆಯೇ, ಇಲ್ಲ ಸೈಕಲನ್ನು ಬಸ್ಸಿಗೆ ಹಾಕಿ ಹೊರಗಿನ ಊರಿಗೆ ಒಯ್ಯಬೇಕೇ ಎಂದು ಮೊದಲೇ ತಿಳಿದುಕೊಳ್ಳಬೇಕು. ನಾನಾದರೆ ಈ ಊರಿನಲ್ಲಿ ಕೇಬಲಿನ ಡಿಸ್ಕ್ ಬ್ರೇಕನ್ನೇ ಆರಿಸುತ್ತೇನೆ, ಏಕೆಂದರೆ ಅದರ ತಂತಿಯನ್ನು ಬಸವನಹಳ್ಳಿಯ ಸಾಮಾನ್ಯ ಸೈಕಲ್ ರಿಪೇರಿಯವರೂ ಬದಲಿಸಿಕೊಡಬಲ್ಲರು.

ಬೆಲೆಯ ವಿಷಯದಲ್ಲಿ ಒಂದು ಮಾತು. ಸೈಕಲ್ಲುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹಳೆಯ ದರದಲ್ಲಿ 80,000 ಆಗುತ್ತಿದ್ದ ಸೈಕಲ್ ಹೊಸ ದರದಲ್ಲಿ 75,000 ಆಗಬೇಕು. ಅಂಗಡಿಯವರು ಹೇಳಿದ ಬೆಲೆ ಯಾವ ದರದ್ದೆಂದು ಬಿಲ್ಲಿನ ನಮೂನೆ ತೋರಿಸಲು ಹೇಳಿ ಕೇಳಿ. ಉಳಿದ ಹಣದಲ್ಲಿ ಮಡ್‌ಗಾರ್ಡು, ಹಿಂದಿನ ಕೆಂಪು ದೀಪ, ಒಂದು ಜೊತೆ ಬ್ರೇಕ್ ಪ್ಯಾಡು ತೆಗೆದಿಟ್ಟುಕೊಳ್ಳಬಹುದು.