ಬ್ರಿಕೆಟ್ ಗ್ರಿಲ್ಲಲ್ಲಿ ಚಿಕನ್ ಹೊರಗೆ ಕರಕಲು, ಒಳಗೆ ಹಸಿ: ಮೇಡಂ ಕೇಳಿದ್ದಕ್ಕೆ ಉತ್ತರ

ಮೇಡಂ, ಗ್ರಿಲ್ ವಾಪಸ್ ಕೊಟ್ಟು ಗ್ಯಾಸಿಂದು ತರೋ ಯೋಚನೆ ಸ್ವಲ್ಪ ತಡೀರಿ. ನೀವು ಬರ್ದಿರೋದು ಇಷ್ಟು: 22 ಇಂಚಿನ ಕೆಟಲ್ (ಮುಚ್ಚಳ ಇರೋ ದುಂಡನೆ ಇದ್ದಿಲ ಗ್ರಿಲ್), ಬ್ರಿಕೆಟ್ (ಇದ್ದಿಲ ಪುಡಿ ಒತ್ತಿ ಮಾಡಿದ ಉಂಡೆ) ತಳದ ತುಂಬಾ ಹರಡಿ ಲೈಟರ್ ಫ್ಲೂಯಿಡ್ (ಬೆಂಕಿ ಹಚ್ಚೋ ಎಣ್ಣೆ) ಸುರಿದು ಹಚ್ಚಿದ್ರಿ, ಹತ್ತು ನಿಮಿಷಕ್ಕೆಲ್ಲಾ ಲೆಗ್ ಪೀಸ್ ಇಟ್ರಿ, ಹೊರಗೆ ಕರಕಲು, ಮೂಳೆ ಹತ್ರ ಹಸಿ, ಮಾವನವ್ರು ಸೀಮೆಎಣ್ಣೆ ವಾಸನೆ ಅಂದ್ರು. ಗ್ರಿಲ್ ಸರಿಯಾಗೇ ಇದೆ, ಇದ್ದಿಲೂ ಸರಿಯಾಗೇ ಇದೆ. ಕೆಂಡ ಎಲ್ಲಿ ಕೂರ್ಬೇಕು, ಗಾಳಿ ಎಷ್ಟು ಬಿಡ್ಬೇಕು, ಇವೆರಡು ಹಿಡಿತಕ್ಕೆ ಬಂದ್ರೆ ಮುಗೀತು.

ಮೊದ್ಲು ಆ ಲೈಟರ್ ಫ್ಲೂಯಿಡ್ ಡಬ್ಬಿ ಎತ್ತಿಟ್ಬಿಡಿ. ಚಿಮ್ನಿ ಸ್ಟಾರ್ಟರ್ ಅಂತ ಸಿಗುತ್ತೆ, ಹಿಡಿ ಇರೋ ತಗಡಿನ ಕೊಳವೆ ಅಷ್ಟೆ, ಗ್ರಿಲ್ ಮಾರೋ ಅಂಗಡೀಲೆಲ್ಲಾ ಇರುತ್ತೆ. ಮೇಲೆ ಬ್ರಿಕೆಟ್ ತುಂಬಿ, ಕೆಳಗೆ ಎರಡು ಹಾಳೆ ನ್ಯೂಸ್‌ಪೇಪರ್ ಸಡಿಲವಾಗಿ ಮುದುರಿ ತುರುಕಿ (ಬಿಗಿಯಾಗಿ ತುರುಕಿದ್ರೆ ಗಾಳಿ ಆಡಲ್ಲ, ಬರೀ ಹೊಗೆ) ಇಲ್ಲಾ ಒಂದು ಮೇಣದ ಕ್ಯೂಬ್ ಇಟ್ಟು ಕಡ್ಡಿ ಗೀರಿ. 15-20 ನಿಮಿಷ ಬೇಕು. ಶುರೂಲಿ ದಟ್ಟ ಬಿಳಿ ಹೊಗೆ ಬರುತ್ತೆ, ಅದನ್ನ ನೋಡಿ ಗಾಬರಿ ಬೇಡ. ಆಮೇಲೆ ಹೊಗೆ ಇಳಿದು, ಕೊಳವೆ ಒಳಗೆ ಕೆಳಗಿನವು ಕೆಂಪಗೆ ಕಾಣ್ತಾ, ಮೇಲಿನ ಸಾಲಿನ ಅಂಚು ಬೂದಿ ಬಣ್ಣಕ್ಕೆ ತಿರುಗುತ್ತಲ್ಲ, ಆಗ ಸುರೀಬೇಕು. ಅದಕ್ಕೂ ಮುಂಚೆ ಅಡಿಗೆ ಇಟ್ರೆ ಆ ಹೊಗೆ ಎಲ್ಲಾ ಮಾಂಸಕ್ಕೆ ಹತ್ತುತ್ತೆ. ಮಾವನವ್ರು ಹೇಳಿದ ವಾಸನೇಲಿ ಅರ್ಧ ಫ್ಲೂಯಿಡ್ದು, ಇನ್ನರ್ಧ ಪೂರ್ತಿ ಹತ್ತದ ಬ್ರಿಕೆಟ್ದು. ಇನ್ನೊಂದು, ಚೀಲದ ಮೇಲೆ ಮ್ಯಾಚ್‌ಲೈಟ್ ಅಂತಿದ್ರೆ ಅದರಲ್ಲಿ ಫ್ಲೂಯಿಡ್ ಆಗ್ಲೇ ಸೇರಿಸಿರ್ತಾರೆ. ಚಿಮ್ನಿಗೂ ಅದು ಬೇಡ, ಉರೀತಿರೋ ಬೆಂಕಿಗೆ ಮೇಲಿಂದ ಹಾಕೋದಂತೂ ಬೇಡ್ವೇ ಬೇಡ.

ಈಗ ಮುಖ್ಯ ವಿಷ್ಯ. ಕೆಂಡಾನ ತಳದ ತುಂಬಾ ಹರಡ್ಬೇಡಿ, ಪೂರ್ತಿ ಒಂದು ಪಕ್ಕಕ್ಕೆ ಗುಡ್ಡೆ ಹಾಕಿ, ಇನ್ನೊಂದು ಅರ್ಧ ಖಾಲಿ ಬಿಡಿ. ಮೂಳೆ ಇರೋ ಲೆಗ್, ಥೈ ಎಲ್ಲಾ ಖಾಲಿ ಕಡೆ ಜೋಡಿಸಿ ಮುಚ್ಚಳ ಹಾಕಿ. ಮುಚ್ಚಳದ ತೂತು ಮಾಂಸದ ಮೇಲೆ ಬರೋ ಹಂಗೆ ತಿರುಗಿಸ್ಕೊಳ್ಳಿ, ಆಗ ಬಿಸಿ ಗಾಳಿ ಕೆಂಡದಿಂದ ಎದ್ದು ಮಾಂಸ ದಾಟಿ ಆಚೆ ಹೋಗುತ್ತೆ, ಓವನ್ ಥರಾನೇ ಬೇಯುತ್ತೆ. 35-45 ನಿಮಿಷ ಆಗ್ಬಹುದು, ಮಧ್ಯೆ ಒಂದೇ ಒಂದು ಸಲ ತೆಗೆದು ಜಾಗ ಬದಲಾಯಿಸಿ ಸಾಕು. ಪೂರ್ತಿ ಬೆಂದ ಮೇಲೆ ಕೊನೇ ಎರಡು ಮೂರು ನಿಮಿಷ ಕೆಂಡದ ಮೇಲೆ ಎಳ್ಕೊಂಡು ಎರಡೂ ಕಡೆ ಬಣ್ಣ ಬರಿಸಿ. ನೀವು ಮಾಡಿದ್ದು ಇದರ ಉಲ್ಟಾ, ಮೊದಲೇ ನಿಗಿನಿಗಿ ಕೆಂಡದ ಮೇಲೆ, ಅದೂ ಮೊಸರು ಎಣ್ಣೆ ಹಚ್ಚಿದ ಮಸಾಲೆ, ಸೀಯದೇ ಇನ್ನೇನಾಗುತ್ತೆ. ಮಸಾಲೆಗೆ ಸಕ್ಕರೆನೋ ಜೇನುತುಪ್ಪನೋ ಹಾಕಿದ್ರೆ ಇನ್ನೂ ಬೇಗ ಕಪ್ಪಾಗುತ್ತೆ, ಅದನ್ನ ಕೊನೇಲಿ ಬ್ರಷ್ಷಲ್ಲಿ ಸವರಿ. ಇಡೋಕೆ ಮುಂಚೆ ಜಾಸ್ತಿ ಇರೋ ಮಸಾಲೆ ಬೆರಳಲ್ಲಿ ಒರೆಸಿ ತೆಗೀರಿ, ಕೆಂಡಕ್ಕೆ ತೊಟ್ಟಿಕ್ಕಿ ಬೆಂಕಿ ಏಳೋದು ಕಮ್ಮಿ ಆಗುತ್ತೆ. ಎದ್ರೂ ನೀರು ಚಿಮುಕಿಸ್ಬೇಡಿ, ಬೂದಿ ಹಾರಿ ಎಲ್ಲಾ ಚಿಕನ್ ಮೇಲೆ ಕೂರುತ್ತೆ. ಮಾಂಸ ಖಾಲಿ ಕಡೆ ಎಳೆದು ಮುಚ್ಚಳ ಮುಚ್ಚಿ, ತಾನೇ ಆರುತ್ತೆ.

ಬೆಂದಿದ್ಯಾ ಅಂತ ಬಣ್ಣ ನೋಡಿ ಹೇಳೋಕಾಗಲ್ಲ, ಮೂಳೆ ಪಕ್ಕ ಪೂರ್ತಿ ಬೆಂದ್ರೂ ಕೆಲವು ಸಲ ಕೆಂಪಗೇ ಇರುತ್ತೆ. ಒಂದು ಚುಚ್ಚೋ ಥರ್ಮಾಮೀಟರ್ ತಗೊಳ್ಳಿ. ಕೋಳಿಗೆ 165 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 74 ಸೆಲ್ಸಿಯಸ್, ದಪ್ಪ ಭಾಗದಲ್ಲಿ ಮೂಳೆಗೆ ತಾಗದ ಹಂಗೆ ಚುಚ್ಚಿ ನೋಡ್ಬೇಕು. ಲೆಗ್ಗು ಥೈಯಾದ್ರೆ 175 ದಾಟಿದ್ರೇ ಇನ್ನೂ ಮೆತ್ತಗಾಗೋದು, ಬ್ರೆಸ್ಟಿಗೆ ಅಷ್ಟು ಹೋದ್ರೆ ಒಣ ಹುಲ್ಲು. ಮುಚ್ಚಳದ ಮೇಲಿರೋ ಮೀಟರ್ ತೋರ್ಸೋದು ಮೇಲಿನ ಗಾಳಿ ಬಿಸಿ, ಜಾಲರಿ ಹತ್ರದ್ದಲ್ಲ.

ಅರ್ಧ ಗಂಟೆಗೆ ಬೆಂಕಿ ಮಂಕಾಯ್ತು ಅಂದ್ರಲ್ಲ, ಫೋಟೋ ನೋಡಿದೆ, ಕೆಳಗಿನ ವೆಂಟ್, ಅಂದ್ರೆ ಗಾಳಿ ತೂತು, ಮುಕ್ಕಾಲು ಮುಚ್ಚಿದೆ, ಮೇಲೆ ಹಳೇ ಬೂದಿ ಬೇರೆ ಕಟ್ಕೊಂಡಿದೆ. ಬ್ರಿಕೆಟ್ಟಲ್ಲಿ ಬೂದಿ ಜಾಸ್ತಿ ಬರುತ್ತೆ, ಪ್ರತಿ ಸಲ ಹಚ್ಚೋ ಮುಂಚೆ ಗುಡಿಸ್ಲೇಬೇಕು. ಕೆಳಗಿನ ವೆಂಟ್ ಪೂರ್ತಿ ಬಿಟ್ಕೊಂಡು ಶುರು ಮಾಡಿ, ಶಾಖ ಜಾಸ್ತಿ ಅನ್ಸಿದ್ರೆ ಸ್ವಲ್ಪ ಸ್ವಲ್ಪ ಮುಚ್ಚಿ, ಮುಚ್ಚಿದ್ಮೇಲೆ ಐದು ಹತ್ತು ನಿಮಿಷ ಕಾಯಿರಿ, ತಕ್ಷಣ ಇಳಿಯಲ್ಲ. ಮೇಲಿನ ವೆಂಟ್ ಅಡಿಗೆ ನಡೀತಿರೋವಾಗ ಪೂರ್ತಿ ಮುಚ್ಚಬಾರ್ದು, ಹೊಗೆ ಒಳಗೇ ನಿಂತು ಕಹಿ ಬರುತ್ತೆ. ಮುಚ್ಚಳ ಪದೇ ಪದೇ ತೆಗೆದು ಇಣುಕೋದ್ರಿಂದ ಶಾಖ ಹೋಗುತ್ತೆ, ಕೆಂಡಕ್ಕೆ ಮಾತ್ರ ಗಾಳಿ ನುಗ್ಗಿ ಬೇಗ ಉರಿದು ಹೋಗುತ್ತೆ, ಎರಡೂ ಕಡೆ ನಷ್ಟ. ದೊಡ್ಡ ಚಿಮ್ನಿಗೆ ಸುಮಾರು 80-100 ಬ್ರಿಕೆಟ್ ಹಿಡಿಯುತ್ತೆ, ಅರ್ಧ ಹಾಕಿದ್ರೆ ಮುಚ್ಚಳ ಮುಚ್ಚಿದ ಕೆಟಲ್‌ನಲ್ಲಿ ಹೆಚ್ಚೂ ಕಮ್ಮಿ 350 ಡಿಗ್ರಿ ಫ್ಯಾರನ್‌ಹೀಟ್ ಹತ್ರ ಇರುತ್ತೆ, ಪೂರ್ತಿ ತುಂಬಿದ್ರೆ ಅದಕ್ಕಿಂತ ಜೋರು. ಚಳಿ, ಗಾಳಿ ನೋಡ್ಕೊಂಡು ಹೆಚ್ಚು ಕಮ್ಮಿ ಮಾಡ್ಕೊಳ್ಳಿ. ಮಟನ್ ಥರ ನಿಧಾನಕ್ಕೆ ಬೇಯೋದಕ್ಕೆ, ಇನ್ನೂ ಹಚ್ಚದ ಬ್ರಿಕೆಟ್ಟನ್ನ ಕೆಟಲ್ ಅಂಚಿಗೆ ಅರ್ಧ ಸುತ್ತು ಹಾವಿನ ಥರ ಜೋಡಿಸಿ, ಕೆಳಗೆರಡು ಮೇಲೊಂದು, ಒಂದು ತುದಿಗೆ ಹತ್ತು ಹನ್ನೆರಡು ಹತ್ತಿರೋ ಕೆಂಡ ಇಟ್ರೆ ಗಂಟೆಗಟ್ಲೆ ತಾನೇ ತೆವಳ್ಕೊಂಡು ಉರಿಯುತ್ತೆ. ಅದು ಆಮೇಲೆ ಕಲ್ತ್ರಾಯ್ತು.

ಮೇಲಿನ ಕಾಮೆಂಟಲ್ಲಿ ಒಬ್ರು ಬ್ರಿಕೆಟ್ ಅಂದ್ರೆ ಬರೀ ಕೆಮಿಕಲ್, ಲಂಪೇ (ಪುಡಿ ಮಾಡದ ಮರದ ಇದ್ದಿಲ ತುಂಡು) ತಗೊಳ್ಳಿ ಅಂದಿದಾರೆ. ಪೂರ್ತಿ ಒಪ್ಪಲ್ಲ ಸಾರ್. ಸಾಮಾನ್ಯ ಬ್ರಿಕೆಟ್ಟಲ್ಲಿ ಮರದ ಇದ್ದಿಲ ಪುಡಿ, ಅಂಟಿಗೆ ಸ್ಟಾರ್ಚ್, ಬೂದಿ ಬೆಳ್ಳಗೆ ಕಾಣ್ಲಿ ಅಂತ ಸುಣ್ಣದಕಲ್ಲಿನ ಪುಡಿ, ಕೆಲವ್ರು ಕಲ್ಲಿದ್ದಲೂ ಸೇರಿಸ್ತಾರೆ. ಅದು ಬೇಡ ಅನ್ನೋರಿಗೆ ಮರ ಮತ್ತೆ ಸ್ಟಾರ್ಚ್ ಮಾತ್ರ ಇರೋವೂ ಸಿಗುತ್ತೆ, ಚೀಲದ ಹಿಂದೆ ಓದ್ಕೊಳ್ಳಿ. ಲಂಪ್ ಬೇಗ ಹತ್ತುತ್ತೆ, ಜೋರಾಗಿ ಉರಿಯುತ್ತೆ, ಬೂದಿ ಕಮ್ಮಿ, ಒಪ್ದೆ, ಆದ್ರೆ ಒಂದು ತುಂಡು ಮುಷ್ಟಿ ಗಾತ್ರ, ಇನ್ನೊಂದು ಕಡ್ಲೆಕಾಯಿ ಗಾತ್ರ, ಹೊಸಬರಿಗೆ ಶಾಖದ ಲೆಕ್ಕ ಸಿಗಲ್ಲ. ಬ್ರಿಕೆಟ್ ಎಲ್ಲಾ ಒಂದೇ ಅಳತೆ, ಹೋದ ವಾರ ಎಣಿಸಿ ಹಾಕಿದಷ್ಟೇ ಈ ವಾರಾನೂ ಹಾಕಿದ್ರೆ ಹೆಚ್ಚುಕಮ್ಮಿ ಅದೇ ಶಾಖ. ಅಂದಹಾಗೆ ಅಮೆರಿಕಾದಲ್ಲಿ ಇದು ಮನೆಮನೆಗೆ ಬಂದಿದ್ರಲ್ಲಿ ಕಾರ್ ಕಂಪನಿ ಪಾತ್ರ ಇದೆ. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ಮಿಷಿಗನ್ನಲ್ಲಿ ಮಾಡೆಲ್ ಟಿ ಕಾರಿನ ಭಾಗಗಳಿಗೆ ಮರ ಕೊಯ್ಸಿ ಉಳಿದ ಚೂರುಪಾರು ವೇಸ್ಟ್ ಆಗ್ಬಾರ್ದು ಅಂತ ಬ್ರಿಕೆಟ್ ಮಾಡ್ಸಿ ಫೋರ್ಡ್ ಡೀಲರ್‌ಗಳ ಹತ್ರಾನೇ ಮಾರಿಸ್ತಿದ್ದ. ಅದೇ ಈಗಿನ ಕಿಂಗ್ಸ್‌ಫರ್ಡ್ ಅನ್ನೋ ಬ್ರಿಕೆಟ್ ಬ್ರ್ಯಾಂಡ್. ವ್ಯಾಪಾರಸ್ಥ ಅಂದ್ರೆ ಹಂಗಿರ್ಬೇಕು.

ಬೆಂಗಳೂರಿಂದ ಕೇಳಿದವ್ರಿಗೆ: ನಿಮ್ಮಲ್ಲಿ ತೆಂಗಿನ ಚಿಪ್ಪಿನ ಬ್ರಿಕೆಟ್ ಆನ್‌ಲೈನಲ್ಲಿ ಸಿಗುತ್ತೆ, ಅದನ್ನೇ ತಗೊಳ್ಳಿ. ಹತ್ತೋದು ನಿಧಾನ, ಹತ್ತಿದ್ಮೇಲೆ ಹೊಗೆ ಕಮ್ಮಿ, ತುಂಬಾ ಹೊತ್ತು ಬರುತ್ತೆ. ಇಸ್ತ್ರಿಯವ್ರು ಹಾಕೋ ಇದ್ದಿಲಲ್ಲೂ ಆಗುತ್ತೆ, ಅದು ಲಂಪೇ, ಸರಿಯಾಗಿ ಸುಟ್ಟಿರ್ದೇ ಇದ್ರೆ ಚಟಪಟ ಕಿಡಿ ಹಾರುತ್ತೆ, ಟೆರೇಸಲ್ಲಿ ಬಟ್ಟೆ ಒಣಗಾಕಿದ್ರೆ ಮೊದ್ಲು ಎತ್ತಿಟ್ಟು ಶುರು ಮಾಡಿ.

ಮನೇಲಿ ಅತ್ತೆ ಸಸ್ಯಾಹಾರಿ, ಒಂದೇ ಗ್ರಿಲ್ಲಲ್ಲಿ ಹೆಂಗೆ ಅಂತ ಕೇಳಿದ್ರಿ. ಎರಡನೇ ಜಾಲರಿ ಒಂದು ತಂದು ಅದನ್ನ ಅವ್ರಿಗೇ ಮೀಸಲು ಇಡಿ, ದುಬಾರಿ ಏನಲ್ಲ. ಮೊದ್ಲು ಅವ್ರ ಜಾಲರಿ ಹಾಕಿ ಜೋಳ, ಪನೀರ್, ಕ್ಯಾಪ್ಸಿಕಮ್ ಎಲ್ಲಾ ಮುಗ್ಸಿ, ಇಕ್ಕಳನೂ ಬೇರೆ ಇಟ್ಕೊಳ್ಳಿ, ಆಮೇಲೆ ಚಿಕನ್ ಜಾಲರಿ. ಮುಂದಿನ ಸಲಕ್ಕೆ ಬೂದಿ ಗುಡಿಸಿ, ಮುಚ್ಚಳದ ಒಳಗಿನ ಜಿಡ್ಡು ಒರೆಸಿ, ಹೊಸ ಕೆಂಡದಿಂದಾನೇ ಅವ್ರಿಗೆ ಶುರು ಮಾಡಿ. ಬದನೆಕಾಯಿಗೆ ಜಾಲರಿನೂ ಬೇಡ, ಎಣ್ಣೆ ಸವರಿ ನೇರ ಬೂದಿ ಮುಚ್ಚಿದ ಕೆಂಡದ ಮೇಲೇ ಇಟ್ಟು ಇಕ್ಕಳದಲ್ಲಿ ತಿರುಗಿಸ್ತಾ ಬನ್ನಿ, ಇಡೋ ಮುಂಚೆ ಎರಡು ಕಡೆ ಚಾಕುವಿಂದ ಚುಚ್ಚಿರಿ, ಇಲ್ಲಾಂದ್ರೆ ಸಿಡಿಯುತ್ತೆ. ಸಿಪ್ಪೆ ಪೂರ್ತಿ ಕಪ್ಪಾಗಿ ಕಾಯಿ ಕುಸಿದು ಕೂತಾಗ ತೆಗೆದು ಪಾತ್ರೇಲಿ ಮುಚ್ಚಿಡಿ, ಸಿಪ್ಪೆ ತಾನೇ ಬಿಡುತ್ತೆ. ಹುಣಸೆರಸ, ಹಸಿಮೆಣಸು, ಸ್ವಲ್ಪ ಬೆಲ್ಲ, ಇಂಗಿನ ಒಗ್ಗರಣೆ. ಗ್ಯಾಸ್ ಸ್ಟೌ ಮೇಲೆ ಸುಟ್ಟ ಗೊಜ್ಜಿಗೆ ಈ ರುಚಿ ಬರೋ ಮಾತೇ ಇಲ್ಲ.

ಜಾಲರಿ ಉಜ್ಜೋಕೆ ತಂತಿ ಬ್ರಷ್ ಬೇಡ, ತಂತಿ ಕಳಚಿ ಊಟದಲ್ಲಿ ಸೇರಿ ಗಂಟಲಿಗೆ ಚುಚ್ಕೊಂಡು ಆಸ್ಪತ್ರೆಗೆ ಹೋದೋರಿದಾರೆ. ಜಾಲರಿ ಬಿಸಿ ಇದ್ದಾಗ ಅರ್ಧ ಈರುಳ್ಳಿ ಫೋರ್ಕಿಗೆ ಸಿಕ್ಕಿಸಿ ಉಜ್ಜಿ ಸಾಕು.

ಮಳೆ ಬಂತು ಅಂತ ಗರಾಜಿಗೆ ಎಳೀತೀನಿ ಅಂತ ಯಾರೋ ಬರ್ದಿದಾರೆ, ದಯವಿಟ್ಟು ಬೇಡ. ಶಟರ್ ಪೂರ್ತಿ ಎತ್ತಿದ್ರೂ ಬೇಡ. ಇದ್ದಿಲು ಉರಿಯೋವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತೆ, ವಾಸನೆ ಇಲ್ಲ, ಕಣ್ಣುರಿ ಇಲ್ಲ, ಗೊತ್ತೇ ಆಗದೆ ಪ್ರಾಣ ಹೋಗುತ್ತೆ, ಬೆಂಕಿ ಆರಿದಂಗೆ ಕಂಡ್ರೂ ಒಳಗೆ ಕೆಂಡ ಇರೋವರೆಗೆ ಬರ್ತಾನೇ ಇರುತ್ತೆ. ಅಪಾರ್ಟ್‌ಮೆಂಟ್ ಬಾಲ್ಕನಿಯವ್ರು ಲೀಸ್ (ಬಾಡಿಗೆ ಕರಾರು) ಓದಿ, ತುಂಬಾ ಕಡೆ ಇದ್ದಿಲ ಗ್ರಿಲ್ಲಿಗೆ ಅನುಮತಿನೇ ಇಲ್ಲ.

ಮುಗಿದ ಮೇಲೆ ಮೇಲೂ ಕೆಳಗೂ ವೆಂಟ್ ಪೂರ್ತಿ ಮುಚ್ಚಿ, ಗಾಳಿ ಇಲ್ದೆ ಆರುತ್ತೆ, ಉಳಿದ ಅರೆಬರೆ ಬ್ರಿಕೆಟ್ ಬೂದಿ ಕೊಡವಿ ಮುಂದಿನ ಸಲ ಹೊಸದರ ಜೊತೆ ಚಿಮ್ನಿಗೆ ಹಾಕಿ. ಬೂದಿ ಎರಡು ದಿನ ಬಿಟ್ಟೇ ತೆಗೀರಿ, ಅದೂ ಮುಚ್ಚಳ ಇರೋ ತಗಡಿನ ಡಬ್ಬಿಗೆ, ಪ್ಲಾಸ್ಟಿಕ್ ಕಸದ ಡ್ರಮ್ಮಿಗೆ ನೇರ ಹಾಕ್ಬೇಡಿ. ಊರಲ್ಲಿ ಒಲೆ ಬೂದಿ ಗಿಡಕ್ಕೆ ಹಾಕ್ತಿದ್ವಿ ಅಂತ ಇದನ್ನ ಕರಿಬೇವಿನ ಕುಂಡಕ್ಕೆ ಸುರೀಬೇಡಿ. ಇದ್ರಲ್ಲಿ ಸುಣ್ಣ ಇದೆ, ಕರಿಬೇವಿಗೆ ಸ್ವಲ್ಪ ಹುಳಿ ಮಣ್ಣೇ ಇಷ್ಟ, ಕ್ಷಾರ ಜಾಸ್ತಿ ಆದ್ರೆ ಕಬ್ಬಿಣ ಎಳ್ಕೊಳ್ಳೋಕಾಗ್ದೆ ಎಳೆ ಎಲೆ ಹಳದಿ ತಿರುಗುತ್ತೆ.

ಈ ಶನಿವಾರ ಬ್ರೆಸ್ಟ್ ಬಿಟ್ಟು ಥೈ ತಗೊಂಡು ಮಾಡಿ ನೋಡಿ, ಸ್ವಲ್ಪ ಹೆಚ್ಚು ಬೆಂದ್ರೂ ಕೆಡಲ್ಲ. ಸರಿ ಹೋಗ್ಲಿಲ್ಲ ಅಂದ್ರೆ ಚಿಕನ್ ಫೋಟೋ ಬೇಡ, ಕೆಂಡ ಸುರಿದ ತಕ್ಷಣದ್ದು ಒಂದು, ಕೆಳಗಿನ ವೆಂಟ್ದು ಒಂದು ಹಾಕಿ, ಅದ್ರಲ್ಲೇ ಗೊತ್ತಾಗುತ್ತೆ.