ರಾತ್ರಿ ಆಕಾಶದಿಂದಲೇ ಫ್ಲಾಟ್: ಖಂಡಿತ ಆಗುತ್ತದೆ, ಆದರೆ ನಕ್ಷತ್ರ ಜಾಗ ಬಿಡಬೇಕು

ಫ್ಲಾಟ್ ಅಂದರೆ ಸಮನಾದ ಬೆಳಕಿನ ಕಡೆ ದೂರದರ್ಶಕ ತಿರುಗಿಸಿ ತೆಗೆದ ಫ್ರೇಮ್; ಆಕಾಶದ ಫೋಟೋದಲ್ಲಿ ಮೂಲೆಯ ಮಬ್ಬನ್ನೂ ಉಂಗುರದಂಥ ಧೂಳಿನ ಕಲೆಯನ್ನೂ ಸರಿಪಡಿಸಲು ಬೇಕು. ಮುಸ್ಸಂಜೆಯ ಫ್ಲಾಟ್ ತಪ್ಪಿಹೋಯಿತು, ಪ್ಯಾನೆಲ್ (ಸಮವಾಗಿ ಬೆಳಗುವ ಹಲಗೆ) ಇಲ್ಲ, ಕತ್ತಲಾದ ಮೇಲೆ ಆಕಾಶವನ್ನೇ ಬಳಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಬಳಸಬಹುದು. ದೊಡ್ಡ ವೀಕ್ಷಣಾಲಯಗಳಲ್ಲೂ ಹೀಗೆ ಮಾಡುತ್ತಾರೆ. ಫೋಟೋಗೆ ಬೀಳುವ ಆಕಾಶದ ಬೆಳಕೇ ಫ್ಲಾಟ್‌ಗೂ ಬೀಳುತ್ತದೆ, ಹಾಗಾಗಿ ಬಣ್ಣ ಸರಿಯಾಗಿ ಹೊಂದುತ್ತದೆ. ತಲೆನೋವು ಇರುವುದು ನಕ್ಷತ್ರಗಳದ್ದು.

ಪ್ರತಿ ಫ್ರೇಮ್ ಆದಮೇಲೆ ದೂರದರ್ಶಕವನ್ನು ಸರಿಸಿ. ಗೈಡಿಂಗ್ (ನಕ್ಷತ್ರವನ್ನು ಹಿಂಬಾಲಿಸುವುದು) ಜೊತೆ ಮಾಡುವ ನಾಲ್ಕೈದು ಪಿಕ್ಸೆಲ್ ಡಿದರಿಂಗ್ (ಚೂರೇ ಚೂರು ಸರಿಸುವುದು) ಸಾಲದು. ಪ್ರಖರ ನಕ್ಷತ್ರದ ಸುತ್ತಲಿನ ಪ್ರಭೆ ತುಂಬಾ ದೂರ ಹರಡಿರುತ್ತದೆ, ಅದನ್ನೂ ದಾಟುವಷ್ಟು ಸರಿಸಬೇಕು. ಆಮೇಲೆ ಅಲೈನ್ ಮಾಡದೆ, ಅಂದರೆ ನಕ್ಷತ್ರಗಳನ್ನು ಒಂದರ ಮೇಲೊಂದು ಹೊಂದಿಸದೆ, ಸ್ಟ್ಯಾಕ್ ಮಾಡಿ (ಫ್ರೇಮ್‌ಗಳನ್ನು ಒಂದಾಗಿ ಸೇರಿಸಿ), ಮೀಡಿಯನ್ (ನಡುವಿನ ಬೆಲೆ) ಅಥವಾ ಸಿಗ್ಮಾ ಕ್ಲಿಪಿಂಗ್ (ತೀರಾ ಬೇರೆಯಾದ ಬೆಲೆ ಬಿಡುವುದು) ಹಾಕಿ. ನಕ್ಷತ್ರ ಪ್ರತಿ ಸಲ ಬೇರೆ ಪಿಕ್ಸೆಲ್ ಮೇಲೆ ಇರುವುದರಿಂದ ಹೊರಗೆ ಹೋಗುತ್ತದೆ, ಧೂಳಿನ ಉಂಗುರ ಅಲ್ಲೇ ಉಳಿಯುತ್ತದೆ. ಸ್ಟ್ಯಾಕ್ ಮಾಡುವ ಮುಂಚೆ ಎಲ್ಲ ಫ್ರೇಮ್‌ಗಳ ಬೆಳಕಿನ ಮಟ್ಟವನ್ನು ಗುಣಿಸಿ ಸಮ ಮಾಡಬೇಕು. ಕೂಡಿಸಿ ಕಳೆದು ಮಾಡಿದರೆ ನಡುವಿಗೂ ಮೂಲೆಗೂ ಇರುವ ಅನುಪಾತವೇ ಕೆಡುತ್ತದೆ.

ಆಕಾಶಗಂಗೆ, ನೆಬ್ಯುಲಾ, ಚಂದ್ರ ಇರುವ ಕಡೆ ಬೇಡ. ನೆತ್ತಿಯ ಸುತ್ತಮುತ್ತ ಖಾಲಿ ಜಾಗ ಹುಡುಕಿ, ಪೂರ್ವಕ್ಕೂ ಪಶ್ಚಿಮಕ್ಕೂ ಒಂದಿಷ್ಟು ತೆಗೆಯಿರಿ, ಆಗ ದಿಗಂತದ ಕಡೆಯ ಬೆಳಕಿನ ಏರಿಳಿತ ಒಂದಕ್ಕೊಂದು ರದ್ದಾಗುತ್ತದೆ. ಜರ್ಮನ್ ಮೌಂಟ್ (ದೂರದರ್ಶಕ ಹೊರುವ ಒಂದು ಬಗೆಯ ಸ್ಟ್ಯಾಂಡ್) ಇದ್ದರೆ ನಡುವೆ ಮೆರಿಡಿಯನ್ ಫ್ಲಿಪ್ (ದೂರದರ್ಶಕ ಸ್ಟ್ಯಾಂಡ್‌ನ ಇನ್ನೊಂದು ಬದಿಗೆ ಮಗುಚುವುದು) ಆಗದಂತೆ ನೋಡಿಕೊಳ್ಳಿ. ಫ್ಲಿಪ್ ಆದರೆ ಕ್ಯಾಮೆರಾ 180 ಡಿಗ್ರಿ ತಿರುಗಿ, ದಿಗಂತದ ಕಡೆಯ ಬೆಳಕು ಮತ್ತೆ ಸೆನ್ಸರ್‌ನ ಅದೇ ಬದಿಗೆ ಬೀಳುತ್ತದೆ, ಏರಿಳಿತ ರದ್ದಾಗುವುದಿಲ್ಲ.

ಇನ್ನು ಡಾರ್ಕ್, ಅಂದರೆ ಮುಚ್ಚಳ ಹಾಕಿ ತೆಗೆದ ಫ್ರೇಮ್. ಇಲ್ಲಿ ಬಯಾಸ್ (ಅತಿ ಚಿಕ್ಕ ಎಕ್ಸ್‌ಪೋಷರ್‌ನ ಕತ್ತಲೆ ಫ್ರೇಮ್) ಒಂದೇ ಸಾಲದು, ಅಷ್ಟೇ ಎಕ್ಸ್‌ಪೋಷರ್, ಅಷ್ಟೇ ತಾಪಮಾನದ ಡಾರ್ಕ್ ಕಳೆಯಲೇಬೇಕು. ಉದಾಹರಣೆಗೆ ಆಕಾಶದ ಬೆಳಕು ನಡುವೆ 1000, ಮೂಲೆಯಲ್ಲಿ 700 ಅಂದುಕೊಳ್ಳಿ. ಅನುಪಾತ 70%. ಡಾರ್ಕ್‌ನ 300 ಕಳೆಯದೆ ಉಳಿದರೆ ಅದು 1300 ಮತ್ತು 1000 ಆಗುತ್ತದೆ, ಅಂದರೆ 77%. ಫ್ಲಾಟ್ ಹಾಕಿದರೂ ಮೂಲೆ ಕಪ್ಪಾಗೇ ಇರುತ್ತದೆ. ಪ್ಯಾನೆಲ್ ಫ್ಲಾಟ್‌ನಲ್ಲಿ ಬೆಳಕು ಜಾಸ್ತಿ, ಎಕ್ಸ್‌ಪೋಷರ್ ಚಿಕ್ಕದು, ಅದಕ್ಕೇ ಅಲ್ಲಿ ಈ ತೊಂದರೆ ಕಾಣುವುದಿಲ್ಲ.

ಎಷ್ಟು ಫ್ರೇಮ್ ಬೇಕು? ಒಂದು ಫ್ರೇಮ್‌ನಲ್ಲಿ ಪಿಕ್ಸೆಲ್‌ಗೆ 2000 ಎಲೆಕ್ಟ್ರಾನ್ ಸಿಕ್ಕರೆ 30 ಫ್ರೇಮ್‌ಗೆ 60,000. ನಾಯ್ಸ್ ಸುಮಾರು 0.4%, ಮೀಡಿಯನ್ ಹಾಕಿದರೆ 0.5% ಹತ್ತಿರ. ಪ್ಯಾನೆಲ್‌ನಲ್ಲಿ 25,000ದ 40 ಫ್ರೇಮ್ ಅಂದರೆ 10 ಲಕ್ಷ, ನಾಯ್ಸ್ 0.1% ಅಷ್ಟೇ. ಹಾಗಾಗಿ ಸಾಧ್ಯವಾದಷ್ಟು ಹೆಚ್ಚು ತೆಗೆಯಿರಿ. ಆಕಾಶ ಸ್ವಲ್ಪ ಬೆಳಕಾಗಿರುವ ಜಾಗವಾದರೆ ಇಲ್ಲಿ ಅನುಕೂಲವೇ. ನ್ಯಾರೋಬ್ಯಾಂಡ್ ಫಿಲ್ಟರ್‌ಗೆ (ಬಣ್ಣದ ಒಂದು ಸಣ್ಣ ಪಟ್ಟಿಯನ್ನಷ್ಟೇ ಬಿಡುವ ಫಿಲ್ಟರ್) ಮಾತ್ರ ಇದನ್ನು ಪ್ರಯತ್ನಿಸಬೇಡಿ, ಬೆಳಕೇ ಸಾಲುವುದಿಲ್ಲ. ಅದಕ್ಕೆ ಮರುದಿನ ಸಂಜೆ ತನಕ ಕ್ಯಾಮೆರಾ ಬಿಚ್ಚದೆ ಇಟ್ಟು ಮುಸ್ಸಂಜೆ ಫ್ಲಾಟ್ ತೆಗೆಯುವುದೇ ಒಳ್ಳೆಯದು.

ಒಂದು ಸುಲಭ ದಾರಿಯೂ ಇದೆ. ಅದೇ ರಾತ್ರಿ, ಅದೇ ಫಿಲ್ಟರ್‌ನಲ್ಲಿ, ಕ್ಯಾಮೆರಾ ತಿರುಗಿಸದೆ ಬೇರೆ ಬೇರೆ ಗುರಿಗಳ ಫೋಟೋ ತೆಗೆದಿದ್ದೀರಾ? ಚಿಕ್ಕ ಗೆಲಾಕ್ಸಿಗಳ ಲೈಟ್ ಫ್ರೇಮ್‌ಗಳನ್ನೇ (ಗುರಿಯ ಫೋಟೋಗಳನ್ನೇ) ಎಲ್ಲ ಗುರಿಗಳಿಂದ ಸಮವಾಗಿ ಆರಿಸಿ, ಅಲೈನ್ ಮಾಡದೆ ಸೇರಿಸಿ ನೋಡಿ. ನಾಲ್ಕಾರು ಗುರಿಯಾದರೂ ಇರಲಿ. ಒಂದೇ ಗುರಿಯದ್ದಾದರೆ ಅದರ ನೆರಳು ಫ್ಲಾಟ್‌ನಲ್ಲಿ ಕೂತುಬಿಡುತ್ತದೆ.

ಆಮೇಲೆ ತಯಾರಾದ ಫ್ಲಾಟ್ ಅನ್ನು ಒಂದು ಲೈಟ್ ಫ್ರೇಮ್‌ಗೆ ಹಾಕಿ, ಚೆನ್ನಾಗಿ ಸ್ಟ್ರೆಚ್ ಮಾಡಿ (ಮಬ್ಬು ಭಾಗ ಕಾಣುವಷ್ಟು ಬೆಳಕು ಏರಿಸಿ) ನೋಡಿ. ಧೂಳಿನ ಉಂಗುರದ ಒಂದು ಬದಿ ಬೆಳ್ಳಗೆ, ಇನ್ನೊಂದು ಬದಿ ಕಪ್ಪಗೆ ಕಂಡರೆ ಧೂಳೋ ಕ್ಯಾಮೆರಾನೋ ಜರುಗಿದೆ ಅಂತ ಅರ್ಥ. ಆ ಫ್ಲಾಟ್ ಆ ಫ್ರೇಮ್‌ಗಳಿಗೆ ಹೊಂದುವುದಿಲ್ಲ.