9 ದಿನದಲ್ಲಿ ಏನು ಮಾಡ್ತೀರಿ ಅಂತ ಕೇಳಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಭಾರತ ಸೋತ ಮಾರನೇ ದಿನ ಬರುತ್ತದೆ, ಗೆದ್ದ ಮಾರನೇ ದಿನವೂ ಬರುತ್ತದೆ. ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಭಾರತ ಫುಟ್‌ಬಾಲ್ ತಂಡಕ್ಕೆ ವಿದೇಶಿ ಕೋಚ್ ಬೇಕಾ, ನಮ್ಮವರೇ ಸಾಕಾ? ಮುಂದಿನ ಸಲ ಎಂಥವರನ್ನು ಆರಿಸಬೇಕು? (ಹಲಸೂರು, ಆಸ್ಟಿನ್ ಟೌನ್, ವಿಜಯನಗರದಿಂದ ಹಲವರು)

ಪಾಸ್‌ಪೋರ್ಟ್ ನೋಡಿ ಕೋಚ್ ಆರಿಸುವ ಅಭ್ಯಾಸ ಮೊದಲು ಬಿಡಿ. ಸ್ಟೀಫನ್ ಕಾನ್‌ಸ್ಟಂಟೈನ್ ಎರಡನೇ ಸಲ ಬಂದಾಗ, 2015ರಲ್ಲಿ, ನಾವು ಫಿಫಾ ರ‍್ಯಾಂಕಿಂಗ್‌ನಲ್ಲಿ 173ಕ್ಕೆ ಇಳಿದಿದ್ದೆವು. 2017ರಲ್ಲಿ 96ಕ್ಕೆ ಬಂದೆವು. ಅವರು ವಿದೇಶಿ. ಮನೋಲೋ ಮಾರ್ಕೆಜ್ ಕೂಡ ವಿದೇಶಿ. ನಮ್ಮ ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಹೆಸರು ಮಾಡಿದ ಒಳ್ಳೆಯ ಕೋಚ್. ಆದರೆ ರಾಷ್ಟ್ರೀಯ ತಂಡದ ಜೊತೆ 8 ಪಂದ್ಯದಲ್ಲಿ ಗೆದ್ದಿದ್ದು 1. ನಮ್ಮವರನ್ನೇ ತೆಗೆದುಕೊಳ್ಳಿ. 1951 ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ ಕೋಚ್ ರಹೀಮ್ ಸಾಹೇಬರು ಹೈದರಾಬಾದಿನವರು.

ವಿಶ್ವಕಪ್ ಗೆದ್ದ ಪ್ರತಿ ತಂಡಕ್ಕೂ ಸ್ವಂತ ದೇಶದವರೇ ಕೋಚ್ ಆಗಿದ್ದರು ಅಂತ ಬರೆಯುತ್ತೀರಿ. 2022ರವರೆಗೆ ನಿಜ. ಆದರೆ ಆ ದೇಶಗಳಲ್ಲಿ ಕೋಚ್‌ಗಳು ತಮ್ಮದೇ ಲೀಗ್‌ನಲ್ಲಿ ಬೆಳೆದು ಬಂದವರು. ನಮ್ಮ ಐಎಸ್‌ಎಲ್ ಶುರುವಾಗಿದ್ದು 2014ರಲ್ಲಿ. ಒಬ್ಬ ಭಾರತೀಯನನ್ನು ಪೂರ್ಣಾವಧಿ ಮುಖ್ಯ ಕೋಚ್ ಮಾಡಿದ್ದು 2021ರಲ್ಲಿ, ಖಾಲಿದ್ ಜಮೀಲ್ ಅವರನ್ನು. ಏಳು ವರ್ಷ ನಮ್ಮವರನ್ನು ಸಹಾಯಕರಾಗಿಯೇ ಕೂರಿಸಿ, ಆಮೇಲೆ ಅನುಭವ ಎಲ್ಲಿದೆ ಅಂತ ಕೇಳುವುದು ಯಾವ ನ್ಯಾಯ? ಉಜ್ಬೇಕಿಸ್ತಾನವನ್ನೂ ನೋಡಿ. ಸ್ಲೊವೇನಿಯಾದ ಕಟಾನೆಚ್ ಅನಾರೋಗ್ಯದಿಂದ ಬಿಟ್ಟರು, ಅವರ ಜಾಗಕ್ಕೆ ಬಂದ ಅಲ್ಲಿಯವರೇ ಆದ ಕಪಾಡ್ಜೆ 2025ರ ಜೂನ್‌ನಲ್ಲಿ ತಂಡವನ್ನು ವಿಶ್ವಕಪ್‌ಗೆ ಸೇರಿಸಿದರು. ಅದೇ ವರ್ಷ ಉಜ್ಬೇಕಿಸ್ತಾನದವರು ಮತ್ತೆ ವಿದೇಶಿಯನ್ನು, ಇಟಲಿಯ ಕನ್ನವಾರೊ ಅವರನ್ನು, ತಂದರು. ಯಾರು ಬಂದರೂ ಆಟಗಾರರು ತಯಾರಾಗಿದ್ದರು. ಅಲ್ಲಿ ಕಲಿಯಬೇಕಾದ್ದು ಅದು.

ಈಗ ನಾನು ನಿಜವಾಗಿ ಹೇಳಬೇಕಾದ ಮಾತು. ಕ್ಲಬ್ ಕೋಚ್‌ಗೆ ಆಟಗಾರರು ದಿನಾ ಬೆಳಿಗ್ಗೆ ಸಿಗುತ್ತಾರೆ. ರಾಷ್ಟ್ರೀಯ ಕೋಚ್‌ಗೆ ಸಿಗುವುದು ಫಿಫಾ ವಿಂಡೋದಲ್ಲಿ ಮಾತ್ರ, ಅಂದರೆ ಕ್ಲಬ್‌ಗಳು ಆಟಗಾರರನ್ನು ದೇಶದ ತಂಡಕ್ಕೆ ಬಿಟ್ಟುಕೊಡಲೇಬೇಕಾದ ದಿನಗಳಲ್ಲಿ. 2025ರವರೆಗೆ ವರ್ಷಕ್ಕೆ 5 ವಿಂಡೋ ಇತ್ತು. ಒಂದೊಂದು 9 ದಿನ, 2 ಪಂದ್ಯ. 2026ರಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸೇರಿ ಒಂದೇ ದೊಡ್ಡ ವಿಂಡೋ ಆಗಿದೆ. ಆ 9 ದಿನದಲ್ಲಿ ಪ್ರಯಾಣ ತೆಗೆಯಿರಿ, ಪಂದ್ಯದ ದಿನ ತೆಗೆಯಿರಿ, ಪಂದ್ಯದ ಮಾರನೇ ದಿನದ ವಿಶ್ರಾಂತಿ ತೆಗೆಯಿರಿ. ಮೈದಾನದಲ್ಲಿ ಮನಸ್ಸಿಟ್ಟು ಕಲಿಸಲು ಉಳಿಯುವುದು ಮೂರು, ಹೆಚ್ಚೆಂದರೆ ನಾಲ್ಕು ದಿನ. ಅಷ್ಟರಲ್ಲಿ ಕೆಲಸ ಮಾಡಬಲ್ಲವರು ಬೇಕು. ‘ನಾನು ಆಟದ ಶೈಲಿಯನ್ನೇ ಬದಲಾಯಿಸುತ್ತೇನೆ’ ಅನ್ನುವವರು ಕ್ಲಬ್‌ಗೆ ಸರಿ.

ಈ ತಪ್ಪು ನಾನೂ ಮಾಡಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಆಯ್ಕೆ ತಂಡವನ್ನು ನಾಲ್ಕು ದಿನ ನನ್ನ ಕೈಗೆ ಕೊಟ್ಟಿದ್ದರು. ಬೇರೆ ಬೇರೆ ಕ್ಲಬ್‌ಗಳ ಹುಡುಗರು. ಹಿಂದೆ ಮೂವರು ಡಿಫೆಂಡರ್‌ಗಳ ಹೊಸ ವ್ಯವಸ್ಥೆ ಕಲಿಸಲು ಹೊರಟೆ. ಪಂದ್ಯದಲ್ಲಿ ಎಡಗಡೆಯಿಂದ ಕ್ರಾಸ್ ಬಂತು. ನಮ್ಮ ಹುಡುಗ ಚೆಂಡು ನೋಡಲಿಲ್ಲ. ತಾನೆಲ್ಲಿ ನಿಲ್ಲಬೇಕು ಅಂತ ಕೇಳಲು ಬೆಂಚ್ ಕಡೆ ತಿರುಗಿ ನನ್ನನ್ನು ನೋಡಿದ. ಚೆಂಡು ಅವನ ಹಿಂದೆ ಬಿದ್ದು ಗೋಲಾಯಿತು. ಆ ಹುಡುಗನ ಮುಖ ನನಗೆ ಇವತ್ತೂ ನೆನಪಿದೆ. ತಪ್ಪು ಅವನದಾಗಿರಲಿಲ್ಲ.

ನಾಲ್ಕು ದಿನದಲ್ಲಿ ಕಲಿಸಬಹುದಾದದ್ದು ಯಾವುದು? ಕಾರ್ನರ್, ಫ್ರೀ ಕಿಕ್, ಉದ್ದ ಥ್ರೋ-ಇನ್, ಹಿಂದೆ ಯಾರು ಯಾರನ್ನು ಹಿಡಿಯಬೇಕು. 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಕೋಚ್ ಆದ ಖಾಲಿದ್ ಜಮೀಲ್ ಮೊದಲ ಕ್ಯಾಂಪ್ ಹಾಕಿದ್ದು ನಮ್ಮ ಬೆಂಗಳೂರಿನಲ್ಲೇ. ಅದು ಫಿಫಾ ವಿಂಡೋ ಅಲ್ಲದ್ದರಿಂದ ಕೆಲವು ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲಿಲ್ಲ. ಅಲ್ಲಿಂದ ಒಂದು ಟೂರ್ನಿಗೆ ತಜಿಕಿಸ್ತಾನಕ್ಕೆ ಹೋಗಿ ಆತಿಥೇಯರನ್ನು 2-1ರಿಂದ ಸೋಲಿಸಿದರು. ಮೊದಲ ಗೋಲು ಉವೈಸ್‌ನ ಉದ್ದ ಥ್ರೋ-ಇನ್‌ನಿಂದ, ತಲೆ ಕೊಟ್ಟವನು ಅನ್ವರ್ ಅಲಿ. ಎರಡನೆಯದನ್ನು ಹೊಡೆದವನು ಝಿಂಗಾನ್. ಮೊದಲ 13 ನಿಮಿಷದಲ್ಲೇ ಎರಡೂ ಮುಗಿದಿತ್ತು. ಆ ಟೂರ್ನಿಯಲ್ಲಿ ಮೂರನೇ ಸ್ಥಾನವೂ ಬಂತು. ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಅದೇ ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಾಪುರದ ಎದುರು ಮೊದಲು ಗೋಲು ಹೊಡೆದೂ 1-2ರಿಂದ ಸೋತೆವು, 2027ರ ಏಷ್ಯನ್ ಕಪ್‌ನಲ್ಲಿ ಆಡುವ ಅವಕಾಶ ಕೈತಪ್ಪಿತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮುನ್ನಡೆ ಸಿಕ್ಕ ಮೇಲೆ ಅದನ್ನು ಕಾಪಾಡುವುದು ಹೇಗೆ ಅನ್ನೋದಕ್ಕೆ ಉತ್ತರ ಇಲ್ಲದ ಯಾರನ್ನೂ, ಅವರು ಯಾವ ದೇಶದವರಾದರೂ ಸರಿ, ನಾನು ಒಪ್ಪುವುದಿಲ್ಲ.

ಆಯ್ಕೆ ಸಮಿತಿಯಲ್ಲಿ ನಾನು ಕೂತರೆ ಅಭ್ಯರ್ಥಿಯ ಪವರ್‌ಪಾಯಿಂಟ್ ನೋಡುವುದಿಲ್ಲ. ಒಂದು ಹಾಳೆ, ಒಂದು ಪೆನ್ನು ಕೊಡುತ್ತೇನೆ. ಸೋಮವಾರ ಆಟಗಾರರು ಬರುತ್ತಾರೆ, ಶುಕ್ರವಾರ ಪಂದ್ಯ. ದಿನದಿನದ ಅಭ್ಯಾಸ ಬರೆಯಿರಿ ಅನ್ನುತ್ತೇನೆ. ಐದು ಜನ ಗಾಯ ಅಂತ ಬರಲಿಲ್ಲ, ಬದಲಿಗೆ ಯಾರು? ಹೆಸರು ಬರೆಯಿರಿ. ಐಎಸ್‌ಎಲ್‌ಗಿಂತ ಕೆಳಗಿನ ಲೀಗ್‌ನ ಆಟಗಾರರ ಹೆಸರು ಒಂದೂ ಬರದಿದ್ದರೆ ಆ ವ್ಯಕ್ತಿ ಮನೆಪಾಠ ಮಾಡಿಲ್ಲ ಅಂತ ಅರ್ಥ. ನಿಮಗೆ ರೆಡ್ ಕಾರ್ಡ್ ಬಿದ್ದರೆ ಬೆಂಚ್‌ನಲ್ಲಿ ಯಾರು ನಿಲ್ಲುತ್ತಾರೆ ಅಂತಲೂ ಕೇಳುತ್ತೇನೆ. ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. 2023ರಲ್ಲಿ ಕಂಠೀರವದಲ್ಲಿ ನಡೆದ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ ಆಗಿನ ಭಾರತದ ಕೋಚ್ ಸ್ಟಿಮಾಚ್‌ಗೆ ಎರಡು ಸಲ ರೆಡ್ ಕಾರ್ಡ್ ಬಿತ್ತು. ಸೆಮಿಫೈನಲ್, ಫೈನಲ್ ಎರಡರಲ್ಲೂ ಅಂಚಿನಲ್ಲಿ ನಿಂತವರು ಸಹಾಯಕ ಕೋಚ್ ಮಹೇಶ್ ಗಾವ್ಳಿ. ಕುವೈತ್ ಎದುರು ಪೆನಾಲ್ಟಿಯಲ್ಲಿ 5-4ರಿಂದ ಕಪ್ ಗೆದ್ದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ಸಹಾಯಕರನ್ನು ಆರಿಸುವುದೂ ಕೋಚ್ ಆಯ್ಕೆಯ ಭಾಗ. ನಮ್ಮಲ್ಲಿ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಆಟಗಾರರನ್ನು ಓದುವ ಕಣ್ಣು ಇರಬೇಕು. 1962ರ ಜಕಾರ್ತದಲ್ಲಿ ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಬಿದ್ದಿತ್ತು. ಅವರು ಡಿಫೆಂಡರ್. ರಹೀಮ್ ಸಾಹೇಬರು ಅವರನ್ನು ಮುಂದೆ, ಸೆಂಟರ್ ಫಾರ್ವರ್ಡ್ ಜಾಗಕ್ಕೆ ಹಾಕಿದರು. ಫೈನಲ್‌ನಲ್ಲಿ ಕೊರಿಯಾ ಎದುರು ಅವರೇ ಗೋಲು ಹೊಡೆದರು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು. ಯಾರಲ್ಲಿ ಏನಿದೆ ಅಂತ ಗೊತ್ತಿದ್ದವರು ಮಾತ್ರ ಇಂಥ ಬದಲಾವಣೆ ಮಾಡಬಲ್ಲರು.

ಕೊನೆಗೆ ಒಪ್ಪಂದ. ಸ್ಟಿಮಾಚ್ ಅವರಿಗೆ 2023ರಲ್ಲಿ ಒಪ್ಪಂದ ಮುಂದುವರಿಸಿ, 2024ರ ಜೂನ್‌ನಲ್ಲಿ ತೆಗೆದು, ಜಗಳ ಮುಗಿಸಲು 4 ಲಕ್ಷ ಡಾಲರ್ ಕೊಡಬೇಕಾಯಿತು. ಆ ದುಡ್ಡಿನಲ್ಲಿ ಎಷ್ಟು ಮಕ್ಕಳ ಲೀಗ್ ನಡೆಸಬಹುದಿತ್ತು! ಯಾವ ಗುರಿ ತಪ್ಪಿದರೆ ಹೇಗೆ ಬೇರೆಯಾಗಬೇಕು ಅಂತ ಸಹಿ ಹಾಕುವ ಮೊದಲೇ ಬರೆದಿಡಿ. ಜೊತೆಗೆ, ಒಬ್ಬರಿಗೆ ಒಂದೇ ಕೆಲಸ. ಮನೋಲೋ ಮೊದಲ ಒಂದು ಸೀಸನ್ ಎಫ್‌ಸಿ ಗೋವಾವನ್ನೂ ಭಾರತವನ್ನೂ ಒಟ್ಟಿಗೆ ನಡೆಸಿದರು. ಅದನ್ನು ಒಪ್ಪಿದವರ ಮೇಲೆ ನನ್ನ ಸಿಟ್ಟು ಇನ್ನೂ ಆರಿಲ್ಲ.

ಸ್ಪೇನ್‌ನ ಹೆಸರಾಂತ ಕೋಚ್‌ಗಳು ಪೆಪ್ ಗ್ವಾರ್ಡಿಯೋಲಾ, ಚಾವಿ ನಮ್ಮ ಕೋಚ್ ಆಗಲು ಅರ್ಜಿ ಹಾಕಿದ್ದರಂತಲ್ಲ, ಯಾಕೆ ಬಿಟ್ಟರು? (ಜಯನಗರ)

ಅವು ಸುಳ್ಳು ಇ-ಮೇಲ್‌ಗಳು. ಭಾರತದ ಫುಟ್‌ಬಾಲ್ ಫೆಡರೇಷನ್ನೇ 2025ರ ಜುಲೈನಲ್ಲಿ ಹಾಗಂತ ಹೇಳಿತು. ದಯವಿಟ್ಟು ಇನ್ನು ಇದನ್ನು ಫಾರ್ವರ್ಡ್ ಮಾಡಬೇಡಿ.

ಹೊಸ ಕೋಚ್ ವಿದೇಶದಲ್ಲಿರುವ ಭಾರತ ಮೂಲದವರನ್ನು ಕರೆಸಬಾರದಾ? (ವೈಟ್‌ಫೀಲ್ಡ್)

ಭಾರತದ ಪಾಸ್‌ಪೋರ್ಟ್ ಇರಬೇಕು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಸಾಲದು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಬಂದರು. ಕಾನೂನು ಬದಲಾಯಿಸುವುದು ಕೋಚ್ ಕೆಲಸ ಅಲ್ಲ.

ಕೋಚ್‌ನ ಜಾತಕ, ಪಂದ್ಯದ ಮುಹೂರ್ತ ನೋಡಿದರೆ ತಪ್ಪೇನು? (ಮಲ್ಲೇಶ್ವರಂ)

ತಪ್ಪು. ತಂಡದ ಪಟ್ಟಿ ಬರೆಯಬೇಕಾದ್ದು ಅಭ್ಯಾಸ ನೋಡಿದವರು. ಗ್ರಹ ನೋಡಿ ಒಬ್ಬ ಹುಡುಗನನ್ನು ಹೊರಗೆ ಕೂರಿಸಿದರೆ ಅದು ಅವನಿಗೆ ಮಾಡಿದ ಅನ್ಯಾಯ.

ನನ್ನ ಮಗನಿಗೆ 13 ವರ್ಷ. ರಾಷ್ಟ್ರೀಯ ಕೋಚ್ ನಮಗೆ ಪರಿಚಯ, ಕ್ಯಾಂಪ್‌ಗೆ ಸೇರಿಸ್ತೀವಿ ಅಂತ ಒಬ್ಬರು ಮುಂಗಡ ಕೇಳುತ್ತಿದ್ದಾರೆ. ಕೊಡಲಾ? (ಕಮ್ಮನಹಳ್ಳಿಯ ತಾಯಿ)

ಬೇಡಮ್ಮ, ಒಂದು ರೂಪಾಯಿಯೂ ಕೊಡಬೇಡಿ. ಹಿರಿಯರ ತಂಡದ ಕೋಚ್‌ಗೆ 13ರ ಹುಡುಗರ ಪಟ್ಟಿಯ ಜೊತೆ ಸಂಬಂಧವೇ ಇಲ್ಲ. ಭಾರತ ತಂಡದ ಕ್ಯಾಂಪ್‌ಗೆ ಆಟಗಾರ ದುಡ್ಡು ಕಟ್ಟಿ ಹೋಗುವುದಿಲ್ಲ. ಆ ವ್ಯಕ್ತಿಯ ಕೋಚಿಂಗ್ ಲೈಸೆನ್ಸ್ ತೋರಿಸಿ ಅಂತ ಕೇಳಿ, ಆಮೇಲೆ ಅವರು ಫೋನ್ ಎತ್ತುವುದೇ ಅನುಮಾನ. ಮಗನನ್ನು ಲೀಗ್ ಪಂದ್ಯ ಆಡಿಸುವ ಕ್ಲಬ್‌ಗೆ ಸೇರಿಸಿ. ಈಗಾಗಲೇ ದುಡ್ಡು ಕೊಟ್ಟಿದ್ದರೆ ಮೆಸೇಜ್, ರಸೀದಿ ಎಲ್ಲ ಜೋಪಾನವಾಗಿಟ್ಟು ಹತ್ತಿರದ ಠಾಣೆಗೆ ಹೋಗಿ ದೂರು ಕೊಡಿ.